ಒಂದೇ ದಿನ, ಎರಡು ವಕಾಲತ್ತು

1928ರ ಅಕ್ಟೋಬರ್ 23, ಮಂಗಳವಾರ. ಆ ದಿನ ಬ್ಯಾರಿಸ್ಟರ್ ಭೀಮರಾವ್ ರಾಮಜಿ ಅಂಬೇಡ್ಕರ್ ಎರಡು ಊರುಗಳಲ್ಲಿ ಹಾಜರಿರಬೇಕಿತ್ತು. ಪುಣೆಯಲ್ಲಿ ಸೈಮನ್ ಆಯೋಗದ ಮುಂದೆ ಶೋಷಿತ ಜಾತಿಗಳ ಪರವಾಗಿ ಸಾಕ್ಷ್ಯ ಹೇಳಬೇಕಿತ್ತು. ಅದೇ ಹೊತ್ತಿಗೆ ಠಾಣೆಯ ಸೆಷನ್ಸ್ ನ್ಯಾಯಾಲಯದಲ್ಲಿ, ಅವರು ಆರೋಪಿಗಳ ಪರ ವಕಾಲತ್ತು ವಹಿಸಿದ್ದ ಮೊಕದ್ದಮೆಯೊಂದು ವಾದದ ಹಂತಕ್ಕೆ ಬಂದಿತ್ತು. ಸೋತರೆ ಕಕ್ಷಿಗಾರರಲ್ಲಿ ಕೆಲವರ ಕೊರಳಿಗೆ ನೇಣು ಬೀಳಬಹುದಾದ ಮೊಕದ್ದಮೆ ಅದು.

ನೇಣು ಎಂಬುದು ಠಾಣೆಯಲ್ಲಿ ದೂರದ ಮಾತಾಗಿರಲಿಲ್ಲ. ಊರಿನ ಹಳೆಯ ಕೋಟೆಯೇ ಅಲ್ಲಿನ ಜೈಲು. ನಾಸಿಕದ ಕಲೆಕ್ಟರ್ ಜಾಕ್ಸನ್‌ನನ್ನು ಕೊಂದ ಅನಂತ ಕಾನ್ಹೇರೆಯನ್ನು 1910ರ ಏಪ್ರಿಲ್ 19ರಂದು ಗಲ್ಲಿಗೇರಿಸಿದ್ದು ಅದೇ ಗೋಡೆಗಳೊಳಗೆ.

ಒಂದು ಕಡೆ ಕೋಟ್ಯಂತರ ಜನರ ಮತದಾನದ ಹಕ್ಕು, ಪ್ರಾತಿನಿಧ್ಯ. ಇನ್ನೊಂದು ಕಡೆ ಬೆರಳೆಣಿಕೆಯ ಆರೋಪಿಗಳು. ಲೆಕ್ಕ ಹಾಕುವವರಿಗೆ ಇದೊಂದು ಇಕ್ಕಟ್ಟೇ ಅಲ್ಲ. ಕಿರಿಯ ವಕೀಲನೊಬ್ಬನ ಕೈಗೆ ಕಡತ ಕೊಟ್ಟು ಪುಣೆಯ ರೈಲು ಹತ್ತಿದರೆ ಯಾರೂ ತಪ್ಪು ತಿಳಿಯುತ್ತಿರಲಿಲ್ಲ. ಅಂಬೇಡ್ಕರ್ ಆ ಲೆಕ್ಕಕ್ಕೆ ಒಪ್ಪಲಿಲ್ಲ. ಧನಂಜಯ ಕೀರ್ ಬರೆದ ಜೀವನಚರಿತ್ರೆಯಲ್ಲಿ ಈ ಪ್ರಸಂಗ ಬರುತ್ತದೆ. ಸರ್ಕಾರಿ ವಕೀಲರಿಗಿಂತ ಮೊದಲೇ ತಮ್ಮ ವಾದ ಮಂಡಿಸಲು ಅವಕಾಶ ಕೊಡಬೇಕೆಂದು ಅವರು ನ್ಯಾಯಾಧೀಶರನ್ನು ಕೇಳಿಕೊಂಡರು. ನ್ಯಾಯಾಧೀಶರು ಒಪ್ಪಿದರು. ವಾದ ಮುಗಿಸಿ ಅವರು ಪುಣೆಗೆ ಹೋದರು.

ಇದು ಸಮಯ ಹೊಂದಿಸಿಕೊಂಡ ಜಾಣತನದ ಕಥೆಯಾಗಿ ಕೇಳಿಸಬಹುದು. ಆದರೆ ಆ ಕೋರಿಕೆ ಎಷ್ಟು ಅಪಾಯದ್ದೆಂಬುದು ಕ್ರಿಮಿನಲ್ ಮೊಕದ್ದಮೆ ನಡೆಯುವ ಬಗೆ ತಿಳಿದವರಿಗೆ ಹೊಳೆಯುತ್ತದೆ. ಆಗ ಜಾರಿಯಲ್ಲಿದ್ದದ್ದು 1898ರ ಕ್ರಿಮಿನಲ್ ಪ್ರಕ್ರಿಯಾ ಸಂಹಿತೆ. ಸೆಷನ್ಸ್ ವಿಚಾರಣೆಗಳು ಜೂರಿಯ ಮುಂದೆ, ಇಲ್ಲವೇ ಅಸೆಸರ್ ಎಂಬ ಸ್ಥಳೀಯ ಸಲಹೆಗಾರರ ನೆರವಿನಿಂದ ನಡೆಯುತ್ತಿದ್ದವು. ಸರ್ಕಾರ ಮೊದಲು ತನ್ನ ಕಥೆ ಹೇಳುತ್ತದೆ, ಸಾಕ್ಷಿಗಳನ್ನು ತರುತ್ತದೆ. ಆ ಕಥೆಯಲ್ಲಿ ಎಲ್ಲಿ ಬಿರುಕಿದೆ ಎಂದು ತೋರಿಸುವುದು ಆರೋಪಿ ಪರ ವಕೀಲನ ಕೆಲಸ. ಎದುರಾಳಿ ಏನು ಹೇಳುತ್ತಾನೆಂದು ಕೇಳಿಸಿಕೊಂಡು ಆಮೇಲೆ ಉತ್ತರ ಕೊಡುವ ಅನುಕೂಲ ಅವನಿಗಿರುತ್ತದೆ. ಅದನ್ನು ಬಿಟ್ಟುಕೊಟ್ಟು ಮೊದಲೇ ಮಾತಾಡುವವನು ಸರ್ಕಾರಿ ವಕೀಲರ ವಾದವನ್ನು ತಾನೇ ಮನಸ್ಸಿನಲ್ಲಿ ಕಟ್ಟಿಕೊಳ್ಳಬೇಕು, ಅದರ ಅತ್ಯಂತ ಬಲವಾದ ರೂಪವನ್ನೇ ಎದುರಿಗಿಟ್ಟುಕೊಂಡು ಅದನ್ನು ಕೆಡವಬೇಕು. ಒಂದು ಎಳೆ ಬಿಟ್ಟುಹೋದರೆ ಎದ್ದು ನಿಂತು ಸರಿಪಡಿಸಲು ಆತ ಅಲ್ಲಿರುವುದಿಲ್ಲ.

ಪುಣೆಯಲ್ಲಿ ಆ ದಿನ ಅವರು ವಯಸ್ಕ ಮತದಾನ ಬೇಕೆಂದರು, ಮೀಸಲು ಸ್ಥಾನಗಳು ಬೇಕೆಂದರು. ಕಾಂಗ್ರೆಸ್ ಬಹಿಷ್ಕರಿಸಿದ್ದ ಆಯೋಗದ ಮುಂದೆ ಹೋದದ್ದಕ್ಕೆ ಅವರ ಮೇಲೆ ಟೀಕೆಗಳ ಮಳೆಯೇ ಸುರಿಯಿತು. ಆಯೋಗವನ್ನು ವಿರೋಧಿಸಿದ ಲಾಲಾ ಲಜಪತ ರಾಯ್ ಲಾಹೋರಿನಲ್ಲಿ ಲಾಠಿ ಏಟು ತಿಂದದ್ದು ಸರಿಯಾಗಿ ಒಂದು ವಾರದ ಬಳಿಕ. ಇತ್ತ ಠಾಣೆಯ ಆರೋಪಿಗಳಲ್ಲಿ ಬಹುತೇಕರು ಬಿಡುಗಡೆಯಾದರೆಂದು ಕೀರ್ ಬರೆಯುತ್ತಾರೆ.

ಇವತ್ತು ಆ ಎರಡು ಊರುಗಳ ನಡುವಿನ ರೈಲು ಹಾದಿಯಲ್ಲಿ ಸಾಗಿದರೆ ಕಿಟಕಿಯಾಚೆ ಕಟ್ಟಡಗಳು ಮುಗಿಯುವುದೇ ಇಲ್ಲ. ಠಾಣೆ ದಾಟಿದರೆ ಡೊಂಬಿವಲಿ, ಅದು ಮುಗಿಯುವಷ್ಟರಲ್ಲಿ ಕಲ್ಯಾಣ. ಅಲ್ಲಿ ಹಳಿ ಕವಲೊಡೆದು ಒಂದು ನಾಸಿಕದತ್ತ, ಇನ್ನೊಂದು ಕರ್ಜತ್, ಬೋರ್ ಘಾಟ್ ಹತ್ತಿ ಪುಣೆಯತ್ತ ಹೋಗುತ್ತದೆ. ಬೆಳಗಿನ ಲೋಕಲ್‌ಗಳಲ್ಲಿ ನೇತಾಡುತ್ತ ಮುಂಬೈಗೆ ಹೋಗುವವರಲ್ಲಿ ವಿಜಯಪುರ, ಕಲಬುರಗಿ, ಉಡುಪಿ ಕಡೆಯ ಕನ್ನಡಿಗರೂ ಸಾಕಷ್ಟು ಮಂದಿ. 1928ರಲ್ಲಿ ಡೊಂಬಿವಲಿ ಒಂದು ಸಣ್ಣ ಊರು. ಖಾಡಿಯ ಆಚೆ ದಡದಲ್ಲಿ ಈಗ ನವಿ ಮುಂಬೈ ಇರುವಲ್ಲಿ ಭತ್ತದ ಗದ್ದೆ, ಉಪ್ಪಿನ ಮಡಿ, ಆಗ್ರಿ ಮತ್ತು ಕೋಳಿ ಜನರ ಹಳ್ಳಿಗಳು. ಮುಂಬೈ ಹೈಕೋರ್ಟಿನ ಭಾಷೆಯಲ್ಲಿ ಇದೆಲ್ಲ ‘ಮೊಫಸಿಲ್’.

ಈ ಮೊಫಸಿಲ್ ಎಂಬ ಮಾತು ಅರಬಿಯಿಂದ ಬಂದದ್ದು. ಮೂಲದಲ್ಲಿ ‘ಬೇರ್ಪಡಿಸಿದ’ ಎಂಬ ಅರ್ಥ. ಕಂಪನಿ ಸರ್ಕಾರದ ಕಾಲಕ್ಕೆ ರಾಜಧಾನಿಯ ಹೊರಗಿನದ್ದೆಲ್ಲ ಮೊಫಸಿಲ್ ಆಯಿತು. ಕನ್ನಡದ ಕಚೇರಿ ಮಾತಿನಲ್ಲಿ ಅದಿನ್ನೂ ಜೀವಂತವಿದೆ. ವಕೀಲ, ವಕಾಲತ್ತು, ಸನದು, ಜಾಮೀನು, ಕೈಫಿಯತ್ತು: ಧಾರವಾಡದ ಕಟ್ಟೆಯಲ್ಲೂ ಠಾಣೆಯ ಕಟ್ಟೆಯಲ್ಲೂ ಒಂದೇ ಶಬ್ದಕೋಶ. ಅಷ್ಟೇ ಏಕೆ, ಒಂದೇ ಹೈಕೋರ್ಟು. ಬೆಳಗಾವಿ, ಧಾರವಾಡ, ವಿಜಯಪುರ, ಉತ್ತರ ಕನ್ನಡ ಜಿಲ್ಲೆಗಳೆಲ್ಲ ಆಗ ಮುಂಬೈ ಪ್ರಾಂತ್ಯದ ಭಾಗ. ಅಂಬೇಡ್ಕರ್ 1925ರ ಏಪ್ರಿಲ್‌ನಲ್ಲಿ ಪ್ರಾಂತ್ಯದ ಶೋಷಿತ ವರ್ಗಗಳ ಸಮ್ಮೇಳನದ ಅಧ್ಯಕ್ಷತೆ ವಹಿಸಲು ನಿಪ್ಪಾಣಿಗೆ ಬಂದಾಗ ತಮ್ಮದೇ ಹೈಕೋರ್ಟಿನ ಸೀಮೆಯೊಳಗೇ ಇದ್ದರು.

ಲಂಡನ್ನಿನ ಗ್ರೇಸ್ ಇನ್‌ನಿಂದ 1922ರಲ್ಲಿ ಬ್ಯಾರಿಸ್ಟರ್ ಆದ ವ್ಯಕ್ತಿ ಮೊಫಸಿಲ್ ನ್ಯಾಯಾಲಯಗಳ ಬೆಂಚಿನ ಮೇಲೆ ಕೂತದ್ದೇಕೆ? ಉತ್ತರ ಮುಂಬೈ ಹೈಕೋರ್ಟಿನ ರಚನೆಯಲ್ಲೇ ಇದೆ. ಮುಂಬೈ ನಗರದ ದೊಡ್ಡ ವ್ಯಾಪಾರಿ ವ್ಯಾಜ್ಯಗಳು ಬರುತ್ತಿದ್ದದ್ದು ಹೈಕೋರ್ಟಿನ ಒರಿಜಿನಲ್ ಸೈಡ್‌ಗೆ. ಅಲ್ಲಿ ಕಕ್ಷಿಗಾರ ನೇರವಾಗಿ ಬ್ಯಾರಿಸ್ಟರ್ ಬಳಿ ಹೋಗುವಂತಿಲ್ಲ, ಸಾಲಿಸಿಟರ್ ಕಚೇರಿಯ ಮೂಲಕವೇ ಹೋಗಬೇಕು. ಆ ಕಚೇರಿಗಳು ಯುರೋಪಿಯನ್ನರ, ಪಾರ್ಸಿಗಳ, ಗುಜರಾತಿಗಳ ಕೈಯಲ್ಲಿದ್ದವು. ಅಸ್ಪೃಶ್ಯ ಜಾತಿಯ ಬ್ಯಾರಿಸ್ಟರನಿಗೆ ಕಡತ ಕೊಡುವ ಸಾಲಿಸಿಟರ್ ಸಿಗುವುದು ಕಷ್ಟವಿತ್ತು. ಕೊಲಂಬಿಯಾ ಮತ್ತು ಲಂಡನ್ನಿನ ಪದವಿಗಳು ಆ ಬಾಗಿಲನ್ನು ತೆರೆಯಲಿಲ್ಲ. ಹೀಗಾಗಿ 1923ರ ಜುಲೈನಲ್ಲಿ ವಕೀಲಿಗೆ ಇಳಿದಾಗ ಅವರ ಪಾಲಿಗೆ ಉಳಿದದ್ದು ಅಪೀಲು ವಿಭಾಗ ಮತ್ತು ಜಿಲ್ಲಾ ನ್ಯಾಯಾಲಯಗಳು. ಸನದು ಪಡೆಯಲು ಬೇಕಾದ ಹಣ ಕೂಡ ಕೈಯಲ್ಲಿರಲಿಲ್ಲ. ಪಾರ್ಸಿ ಗೆಳೆಯ ನವಲ್ ಭಥೇನಾ ನೆರವಾದರು.

ವಕೀಲಿಯೊಂದರಿಂದಲೇ ಸಂಸಾರ ಸಾಗುತ್ತಿರಲಿಲ್ಲ. 1925ರಿಂದ 1928ರವರೆಗೆ ಬಾಟ್ಲಿಬಾಯ್ ಅವರ ಲೆಕ್ಕಪತ್ರ ತರಬೇತಿ ಸಂಸ್ಥೆಯಲ್ಲಿ ವ್ಯಾಪಾರಿ ಕಾನೂನು ಪಾಠ ಮಾಡಿದರು. ಬಳಿಕ ಸರ್ಕಾರಿ ಕಾನೂನು ಕಾಲೇಜಿನಲ್ಲಿ ಪ್ರಾಧ್ಯಾಪಕರಾದರು. ಮನೆ ಪರೇಲಿನ ಬಿಐಟಿ ಚಾಳಿನ ಎರಡು ಕೋಣೆಗಳಲ್ಲಿ. ಕಚೇರಿ ಅಲ್ಲೇ ಹತ್ತಿರದ ದಾಮೋದರ್ ಹಾಲ್‌ನಲ್ಲಿ. 1924ರಲ್ಲಿ ಅವರು ಕಟ್ಟಿದ ಬಹಿಷ್ಕೃತ ಹಿತಕಾರಿಣಿ ಸಭೆಯ ಕಚೇರಿಯೂ ಅದೇ. ಮೊಕದ್ದಮೆ ಹಿಡಿದು ಬಂದವನೂ ಚಳವಳಿಯ ಕೆಲಸಕ್ಕೆ ಬಂದವನೂ ಒಂದೇ ಮೆಟ್ಟಿಲು ಹತ್ತುತ್ತಿದ್ದರು. ಅವರಿಬ್ಬರೂ ಎಷ್ಟೋ ಸಲ ಒಬ್ಬನೇ ಆಗಿರುತ್ತಿದ್ದ.

ಮನೆಯ ಕಡೆಯ ಚಿತ್ರ ಬೇರೆ. ಅವರಿಗೂ ರಮಾಬಾಯಿಯವರಿಗೂ ಹುಟ್ಟಿದ ಐದು ಮಕ್ಕಳಲ್ಲಿ ಉಳಿದದ್ದು ಯಶವಂತ ಒಬ್ಬರೇ. ಕೊನೆಯ ಮಗ ರಾಜರತ್ನ 1926ರ ಜುಲೈನಲ್ಲಿ ತೀರಿಕೊಂಡ. ಆ ಸಾವು ತಂದೆಯನ್ನು ಅಲುಗಾಡಿಸಿಬಿಟ್ಟಿತು. ಬದುಕಿನ ರುಚಿಯೇ ಹೋಯಿತು ಎಂಬ ಅರ್ಥ ಬರುವಂತೆ ಅವರು ಗೆಳೆಯರೊಬ್ಬರಿಗೆ ಪತ್ರ ಬರೆದರು. ಅದಾಗಿ ಮೂರು ತಿಂಗಳಲ್ಲೇ, ಆ ಅಕ್ಟೋಬರ್‌ನಲ್ಲಿ, ಅವರ ಆರಂಭದ ದಿನಗಳ ಬಹುದೊಡ್ಡ ಕ್ರಿಮಿನಲ್ ಮೊಕದ್ದಮೆ ಪುಣೆಯಲ್ಲಿ ನಡೆಯಿತು.

ಬ್ರಾಹ್ಮಣೇತರ ಚಳವಳಿಯ ದಿನಕರರಾವ್ ಜವಳಕರ್ ‘ದೇಶಾಚೆ ದುಶ್ಮನ್’ ಎಂಬ ಪುಸ್ತಿಕೆ ಬರೆದಿದ್ದರು. ತಿಲಕ್ ಮತ್ತು ವಿಷ್ಣುಶಾಸ್ತ್ರಿ ಚಿಪಳೂಣಕರರನ್ನು ದೇಶದ ಶತ್ರುಗಳೆಂದು ಕರೆದ ಬಿರುನುಡಿಯ ಪುಸ್ತಿಕೆ ಅದು. ಮಾನನಷ್ಟದ ದಾವೆಯಲ್ಲಿ ಜವಳಕರ್, ಕೇಶವರಾವ್ ಜೇಧೆ ಮತ್ತಿತರರಿಗೆ ಕೆಳಗಿನ ನ್ಯಾಯಾಲಯ ಶಿಕ್ಷೆ ವಿಧಿಸಿತು. ಅಪೀಲಿನಲ್ಲಿ ಅವರ ಪರ ನಿಂತವರು ಅಂಬೇಡ್ಕರ್. ಎದುರು ಪಕ್ಷದಲ್ಲಿ ಪುಣೆಯ ಹೆಸರಾಂತ ವಕೀಲ ಎಲ್.ಬಿ. ಭೋಪಟಕರ್. ಅಂಬೇಡ್ಕರ್ ಗೆದ್ದರು, ಆರೋಪಿಗಳು ಬಿಡುಗಡೆಯಾದರು. ಮುಂದೆ ಗಾಂಧಿ ಹತ್ಯೆಯ ಮೊಕದ್ದಮೆಯಲ್ಲಿ ಇದೇ ಭೋಪಟಕರ್ ಸಾವರ್ಕರ್ ಪರ ವಕೀಲರಾದರು. ದೂರು ಕೊಟ್ಟವರ ಕಡೆ ನಿಂತಿದ್ದವರು ಆರೋಪಿಯ ಕಡೆ ನಿಲ್ಲುವ ಸರದಿ ಹೀಗೆ ಬರುತ್ತದೆ. ವಕೀಲಿ ವೃತ್ತಿ ಉಸಿರಾಡುವುದೇ ಈ ಸರದಿಯಿಂದ.

ಗೆಲುವಿನ ಪಟ್ಟಿಯಷ್ಟನ್ನೇ ಓದಿದರೆ ವಕೀಲನ ಬದುಕು ಅರ್ಥವಾಗುವುದಿಲ್ಲ. 1934ರಲ್ಲಿ ಅಂಬೇಡ್ಕರ್ ಸೋತ ಮೊಕದ್ದಮೆಯೊಂದಿದೆ. ರಘುನಾಥ ಧೋಂಡೊ ಕರ್ವೆ ‘ಸಮಾಜಸ್ವಾಸ್ಥ್ಯ’ ಎಂಬ ಮರಾಠಿ ಮಾಸಿಕ ನಡೆಸುತ್ತಿದ್ದರು. ಲೈಂಗಿಕ ಆರೋಗ್ಯ, ಸಂತಾನ ನಿಯಂತ್ರಣದ ಬಗ್ಗೆ ಓದುಗರು ಕೇಳಿದ ಪ್ರಶ್ನೆಗಳಿಗೆ ಮುಚ್ಚುಮರೆಯಿಲ್ಲದೆ ಉತ್ತರ ಕೊಡುತ್ತಿದ್ದರು. ಅದು ಅಶ್ಲೀಲವೆಂದು ಸಂಪ್ರದಾಯಸ್ಥರು ಮೊಕದ್ದಮೆ ಹೂಡಿದರು. ಕರ್ವೆ ಪರ ವಾದಿಸಿದ ಅಂಬೇಡ್ಕರ್, ಲೈಂಗಿಕ ವಿಷಯ ಎಂದಾಕ್ಷಣ ಅಶ್ಲೀಲ ಎನ್ನಲಾಗದು, ಜನ ಕೇಳುವ ಪ್ರಶ್ನೆಗೆ ಉತ್ತರ ಕೊಡುವುದು ತಪ್ಪಲ್ಲ ಎಂಬ ನಿಲುವು ಹಿಡಿದರು. ನ್ಯಾಯಾಲಯ ಒಪ್ಪಲಿಲ್ಲ. ಕರ್ವೆಗೆ 200 ರೂಪಾಯಿ ದಂಡ ಬಿತ್ತು. ಈ ಮೊಕದ್ದಮೆಯಿಂದ ಅಂಬೇಡ್ಕರರ ಚಳವಳಿಗೆ ಒಂದು ಮತವೂ ಹೆಚ್ಚುತ್ತಿರಲಿಲ್ಲ. ಆ ಹೊತ್ತಿಗಾಗಲೇ ಅವರು ಲಂಡನ್ನಿನ ದುಂಡುಮೇಜಿನ ಪರಿಷತ್ತುಗಳನ್ನೂ ಪುಣೆ ಒಪ್ಪಂದವನ್ನೂ ದಾಟಿ ಬಂದ ನಾಯಕ. ಆದರೂ ಯಾರಿಗೂ ಬೇಡವಾಗಿದ್ದ ಸಂಪಾದಕನೊಬ್ಬನ ಪಕ್ಕ ನಿಂತರು.

ಈ ಸ್ವಭಾವ ಎಲ್ಲಕ್ಕಿಂತ ಸ್ಪಷ್ಟವಾಗಿ ಕಾಣುವುದು ಮತ್ತೆ ಠಾಣೆಯಲ್ಲೇ, ಚಿರನೇರ್ ಮೊಕದ್ದಮೆಯಲ್ಲಿ.

ಇವತ್ತಿನ ನವಿ ಮುಂಬೈನಿಂದ ಉರಣ್ ಕಡೆಗೆ ಹೋದರೆ ಚಿರನೇರ್ ಎಂಬ ಹಳ್ಳಿ ಸಿಗುತ್ತದೆ. ಆಗ ಅದು ಕೊಲಾಬಾ ಜಿಲ್ಲೆ, ಈಗಿನ ರಾಯಗಡ. 1930 ಕಾನೂನುಭಂಗ ಚಳವಳಿಯ ವರ್ಷ. ಉಪ್ಪಿನ ಸತ್ಯಾಗ್ರಹ ಹಳ್ಳಿಗಳಿಗೆ ಇಳಿಯುತ್ತ ಅರಣ್ಯ ಸತ್ಯಾಗ್ರಹವಾಗಿತ್ತು. ನಮ್ಮ ಉತ್ತರ ಕನ್ನಡದ ಶಿರಸಿ, ಸಿದ್ದಾಪುರದ ಕಡೆಯೂ ಆ ವರ್ಷ ಜನ ಕಾಡಿನ ಕಾನೂನು ಮುರಿದರು. ಕಾಡನ್ನು ಸರ್ಕಾರ ಮೀಸಲೆಂದು ಗುರುತು ಮಾಡಿದಾಗಿನಿಂದ ಕಟ್ಟಿಗೆ, ಸೊಪ್ಪು, ಹುಲ್ಲು ಎಲ್ಲಕ್ಕೂ ಅನುಮತಿ ಬೇಕಿತ್ತು. ಗಾರ್ಡಿನ ಕಣ್ಣು ತಪ್ಪಿಸಿ ತಂದರೆ ಕಳ್ಳತನ. ಸೆಪ್ಟೆಂಬರ್ 25ರಂದು ಚಿರನೇರಿನ ಅಕ್ಕಾದೇವಿ ಗುಡ್ಡದ ಕಾಡಿನಲ್ಲಿ ಆಗ್ರಿ, ಕೋಳಿ, ಕಾತಕರಿ ಜನ ಕುಡುಗೋಲು, ಕೊಡಲಿ ಹಿಡಿದು ಸೇರಿದರು. ಪೊಲೀಸರು ಗುಂಡು ಹಾರಿಸಿದರು. ಸತ್ಯಾಗ್ರಹಿಗಳಲ್ಲಿ ಎಂಟು ಮಂದಿ ಸತ್ತರು. ಆ ಗಲಭೆಯಲ್ಲಿ ಮಾಮಲೆದಾರರು ಸೇರಿದಂತೆ ಸರ್ಕಾರದ ಕಡೆಯವರೂ ಸತ್ತರು. ಸುತ್ತಲಿನ ಹಳ್ಳಿಗಳಿಂದ ಡಜನುಗಟ್ಟಲೆ ಜನರನ್ನು ಹಿಡಿದು ತಂದು ಮೊಕದ್ದಮೆ ಹೂಡಲಾಯಿತು. ಆ ಆರೋಪಿಗಳ ಪರ ನಿಂತ ವಕೀಲರಲ್ಲಿ ಅಂಬೇಡ್ಕರ್ ಒಬ್ಬರು.

ಅದೇ ವರ್ಷ ಅಂಬೇಡ್ಕರ್ ಎಲ್ಲಿದ್ದರೆಂಬುದನ್ನು ನೆನೆಯಬೇಕು. ಮಾರ್ಚ್ 2ರಂದು ನಾಸಿಕದಲ್ಲಿ ಕಾಳಾರಾಮ ದೇವಾಲಯ ಪ್ರವೇಶದ ಸತ್ಯಾಗ್ರಹ ಆರಂಭವಾಗಿತ್ತು. ಆಗಸ್ಟ್‌ನಲ್ಲಿ ನಾಗಪುರದ ಸಮ್ಮೇಳನದಲ್ಲಿ ಅವರು ಬ್ರಿಟಿಷ್ ಆಳ್ವಿಕೆಯನ್ನೂ ಕಾಂಗ್ರೆಸ್ಸಿನ ಕಾನೂನುಭಂಗ ಚಳವಳಿಯನ್ನೂ ಒಟ್ಟಿಗೇ ಟೀಕಿಸಿದ್ದರು. ಅಕ್ಟೋಬರ್‌ನಲ್ಲಿ ಕಾಂಗ್ರೆಸ್ ಬಹಿಷ್ಕರಿಸಿದ ದುಂಡುಮೇಜಿನ ಪರಿಷತ್ತಿಗೆ ಹಡಗು ಹತ್ತಿದರು. ಹಾಗೆಂದರೆ ಚಿರನೇರಿನ ಆರೋಪಿಗಳು ಯಾವ ಚಳವಳಿಯ ಕರೆಗೆ ಓಗೊಟ್ಟು ಕಾಡಿಗೆ ಹೋಗಿದ್ದರೋ ಆ ಚಳವಳಿಯನ್ನು ಅವರ ವಕೀಲರು ಒಪ್ಪಿರಲಿಲ್ಲ. ಆ ಭಿನ್ನಮತ ಅವರ ವಕಾಲತ್ತಿಗೆ ಅಡ್ಡ ಬರಲಿಲ್ಲ.

ಇದಕ್ಕೆ ಇಂಗ್ಲಿಷ್ ಬ್ಯಾರಿಸ್ಟರುಗಳ ಸಂಪ್ರದಾಯದಲ್ಲೊಂದು ಹೆಸರಿದೆ: ಕ್ಯಾಬ್ ರ‍್ಯಾಂಕ್ ನಿಯಮ. ಸ್ಟ್ಯಾಂಡಿನಲ್ಲಿ ಸಾಲಾಗಿ ನಿಂತ ಬಾಡಿಗೆ ಗಾಡಿಯಂತೆ, ಮೊದಲು ಬಂದ ಪ್ರಯಾಣಿಕನನ್ನು ಹತ್ತಿಸಿಕೊಳ್ಳಬೇಕು, ಮುಖ ನೋಡಿ ಆರಿಸುವಂತಿಲ್ಲ. 1792ರಲ್ಲಿ ಥಾಮಸ್ ಪೇನ್ ಮೇಲೆ ರಾಜದ್ರೋಹದ ಬರಹದ ಮೊಕದ್ದಮೆ ಬಂದಾಗ ಥಾಮಸ್ ಅರ್ಸ್ಕಿನ್ ಅವನ ಪರ ನಿಂತು, ಯುವರಾಜನ ಬಳಿ ತನಗಿದ್ದ ಹುದ್ದೆಯನ್ನು ಕಳೆದುಕೊಂಡ. ಆ ಪಾಠವನ್ನು ಗ್ರೇಸ್ ಇನ್‌ನಲ್ಲಿ ಯಾರು ಬೇಕಾದರೂ ಕಲಿಯಬಹುದಿತ್ತು. ಆದರೆ ಸಾಲಿಸಿಟರುಗಳು ಮುಖ ನೋಡಿಯೇ ಕಡತ ಕೊಡುತ್ತಿದ್ದ ಊರಿನಲ್ಲಿ, ಹಾಗೆ ದೂರ ಇಡಲ್ಪಟ್ಟವನೇ ಕಕ್ಷಿಗಾರನ ಮುಖ ನೋಡದೆ ವಕಾಲತ್ತು ಹಿಡಿಯುವುದರ ತೂಕ ಬೇರೆ.

1935ರ ಮೇ 27ರಂದು, ಬಹುಕಾಲದ ಅನಾರೋಗ್ಯದ ಬಳಿಕ, ರಮಾಬಾಯಿ ತೀರಿಕೊಂಡರು. ಹೆಚ್ಚುಕಡಿಮೆ ಅದೇ ವಾರ ಅಂಬೇಡ್ಕರ್ ಮುಂಬೈ ಸರ್ಕಾರಿ ಕಾನೂನು ಕಾಲೇಜಿನ ಪ್ರಾಂಶುಪಾಲರ ಕುರ್ಚಿಯಲ್ಲಿ ಕೂತರು. ಚಾಳಿನ ಎರಡು ಕೋಣೆಗಳಿಂದ ದಾದರಿನ ರಾಜಗೃಹಕ್ಕೆ ಬಂದು ಆಗಿನ್ನೂ ಬಹಳ ಕಾಲವಾಗಿರಲಿಲ್ಲ. ರೈಲಿನಲ್ಲಿ, ಸಭೆಗಳಲ್ಲಿ, ನ್ಯಾಯಾಲಯಗಳಲ್ಲಿ, ಸಮುದ್ರದಾಚೆ ಕಳೆದ ವರ್ಷಗಳ ಭಾರವನ್ನು ಮನೆಯಲ್ಲಿ ಹೊತ್ತಿದ್ದವರು ರಮಾಬಾಯಿ. ಐದು ವರ್ಷಗಳ ನಂತರ ‘ಪಾಕಿಸ್ತಾನದ ಬಗ್ಗೆ ವಿಚಾರಗಳು’ ಎಂಬ ತಮ್ಮ ಪುಸ್ತಕವನ್ನು ಅಂಬೇಡ್ಕರ್ ಅರ್ಪಿಸಿದ್ದು ಅವರಿಗೇ.

ನಲವತ್ತರ ದಶಕದಲ್ಲಿ ಅಂಬೇಡ್ಕರ್ ದೆಹಲಿಗೆ ಹೋದ ಮೇಲೆ ಮೊಫಸಿಲ್ ವಕೀಲಿ ಹಿಂದೆ ಸರಿಯಿತು ಎನ್ನುವುದು ವಾಡಿಕೆ. ಆದರೆ ಆ ಬೆಂಚುಗಳ ಅನುಭವ ಸಂವಿಧಾನ ಸಭೆಯೊಳಗೂ ಬಂತೆನ್ನಲು ಒಂದು ದಿನಾಂಕ ಸಾಕ್ಷಿ. ವ್ಯಕ್ತಿಯ ಜೀವ ಮತ್ತು ಸ್ವಾತಂತ್ರ್ಯದ ವಿಧಿಯಿಂದ ‘ನ್ಯಾಯಯುತ ಕ್ರಮ’ದ ಮಾತು ಬಿಟ್ಟುಹೋಗಿ, ‘ಕಾನೂನು ಗೊತ್ತುಪಡಿಸಿದ ವಿಧಾನ’ ಎಂಬ ತೆಳುವಾದ ಮಾತು ಉಳಿದಿತ್ತು. ಹೀಗಾದರೆ ಬಂಧನದ ವಿಷಯದಲ್ಲಿ ಶಾಸಕಾಂಗಕ್ಕೆ ಲಂಗುಲಗಾಮೇ ಇರುವುದಿಲ್ಲವೆಂಬ ಆತಂಕ ಸಭೆಯಲ್ಲಿತ್ತು. ಆ ಕೊರತೆಯನ್ನು ಸ್ವಲ್ಪವಾದರೂ ತುಂಬಲು 1949ರ ಸೆಪ್ಟೆಂಬರ್ 15ರಂದು ಅಂಬೇಡ್ಕರ್ ಹೊಸದೊಂದು ವಿಧಿ ಮಂಡಿಸಿದರು. ಬಂಧಿತನಿಗೆ ಕಾರಣ ತಿಳಿಸಬೇಕು, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ತರಬೇಕು, ತನಗೆ ಬೇಕಾದ ವಕೀಲನನ್ನು ಕಾಣುವ, ಅವನ ಮೂಲಕ ತನ್ನನ್ನು ಸಮರ್ಥಿಸಿಕೊಳ್ಳುವ ಹಕ್ಕನ್ನು ನಿರಾಕರಿಸಬಾರದು. ಇವೆಲ್ಲ ಕ್ರಿಮಿನಲ್ ಪ್ರಕ್ರಿಯಾ ಸಂಹಿತೆಯಲ್ಲಿ ಇದ್ದೇ ಇವೆಯಲ್ಲ ಎಂಬ ಮಾತಿಗೆ ಅವರ ಉತ್ತರ ವಕೀಲನ ಉತ್ತರವೇ ಆಗಿತ್ತು: ಸಂಹಿತೆಯನ್ನು ಶಾಸಕಾಂಗ ನಾಳೆ ಬದಲಿಸಬಹುದು, ಸಂವಿಧಾನದೊಳಗೆ ಬರೆದರೆ ಹಾಗೆ ಕಿತ್ತುಹಾಕಲಾಗದು.

ಅದೇ ಇವತ್ತಿನ 22ನೇ ವಿಧಿ. ಅದರ ಕೆಳಭಾಗದಲ್ಲೇ ಮುನ್ನೆಚ್ಚರಿಕೆ ಬಂಧನಕ್ಕೆ ಅವಕಾಶ ಕೊಡುವ ಕಲಮುಗಳೂ ಇವೆ, ಹಾಗೆ ಬಂಧಿತನಾದವನಿಗೆ ಮೇಲಿನ ರಕ್ಷಣೆಗಳು ಅನ್ವಯಿಸುವುದಿಲ್ಲ. ಆರೋಪಿಯ ಕೈಗೆ ವಕೀಲನನ್ನು ಕೊಟ್ಟ ವಿಧಿಯೇ ಇನ್ನೊಂದು ಕೈಯಿಂದ ಅವನನ್ನು ಕಸಿದುಕೊಳ್ಳುವ ದಾರಿಯನ್ನೂ ಬಿಟ್ಟಿತು. ಸಂವಿಧಾನ ಸಭೆಯೊಳಗೇ ಇದಕ್ಕೆ ಕಟು ಟೀಕೆ ಬಂದಿತ್ತು.

ಆ ವಿಧಿಯ ಮೊದಲ ಕಲಮು ಕಾಗದದ ಮೇಲಿದ್ದರಷ್ಟೇ ಸಾಲದು ಎಂಬುದಕ್ಕೆ ನಮ್ಮ ಊರುಗಳೇ ಸಾಕ್ಷಿ. 2020ರ ಆರಂಭದಲ್ಲಿ ಮೈಸೂರಿನ ಪ್ರತಿಭಟನೆಯೊಂದರಲ್ಲಿ ಫಲಕ ಹಿಡಿದ ಯುವತಿಯ ಪರ, ಹುಬ್ಬಳ್ಳಿಯಲ್ಲಿ ದೇಶದ್ರೋಹದ ಆರೋಪ ಹೊತ್ತ ಕಾಶ್ಮೀರಿ ವಿದ್ಯಾರ್ಥಿಗಳ ಪರ ತಮ್ಮ ಸದಸ್ಯರು ವಕಾಲತ್ತು ವಹಿಸಬಾರದೆಂದು ಅಲ್ಲಿನ ವಕೀಲರ ಸಂಘಗಳು ನಿರ್ಣಯಿಸಿದವು. ಇಂಥ ನಿರ್ಣಯಗಳು ಅಸಿಂಧು ಎಂದು ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿಯಾಗಿತ್ತು. ಹುಬ್ಬಳ್ಳಿಯ ವಿದ್ಯಾರ್ಥಿಗಳ ಜಾಮೀನು ಅರ್ಜಿಗಾಗಿ ಬೆಂಗಳೂರಿನಿಂದ ವಕೀಲರು ಧಾರವಾಡಕ್ಕೆ ಹೋಗಬೇಕಾಯಿತು. ಅವರಿಗೆ ಪೊಲೀಸ್ ರಕ್ಷಣೆ ಕೊಡುವಂತೆ ಹೈಕೋರ್ಟ್ ಹೇಳಬೇಕಾಯಿತು. ಒಂದು ಕಾಲಕ್ಕೆ ಠಾಣೆಯ ಜೊತೆ ಒಂದೇ ಹೈಕೋರ್ಟಿನಡಿ ಇದ್ದ ಧಾರವಾಡ, ಆರೋಪಿಯ ಪಕ್ಕ ನಿಂತ ವಕೀಲನನ್ನೇ ಆರೋಪಿಯಂತೆ ನೋಡುವ ಕಾಲಕ್ಕೆ ಬಂದಿತ್ತು.

ಠಾಣೆಯ ಕೋರ್ಟ್ ನಾಕಾದಲ್ಲಿ ಇವತ್ತೂ ಬೆಳಗಾದರೆ ಕಪ್ಪು ಕೋಟುಗಳು, ಟೈಪ್ ಮಾಡುವವರು, ಕೈಯಲ್ಲಿ ಚೀಲ ಹಿಡಿದು ಯಾರದ್ದೋ ದಾರಿ ಕಾಯುವ ಮುದುಕಿಯರು. ಡೊಂಬಿವಲಿ, ಕಲ್ಯಾಣ, ನವಿ ಮುಂಬೈಗಳಿಂದ ಜಾಮೀನಿಗೆ, ವಾಯಿದೆಗೆ, ತೀರ್ಪಿಗೆ ಬರುವವರು. ಒಳಗೆ ಹೆಸರು ಕೂಗಿದಾಗ ಅವರಿಗೆ ಬೇಕಾಗುವುದು ಆ ಒಂದು ಗಂಟೆಯ ಮಟ್ಟಿಗೆ ತಮ್ಮ ಮೊಕದ್ದಮೆಯನ್ನೇ ಲೋಕವೆಂದುಕೊಂಡು ಎದ್ದು ನಿಲ್ಲುವ ಒಬ್ಬ ವಕೀಲ. 1928ರ ಆ ಅಕ್ಟೋಬರ್‌ನಲ್ಲಿ, ಪುಣೆಯಲ್ಲಿ ಆಯೋಗವೊಂದು ಕಾಯುತ್ತಿದ್ದಾಗ, ಈ ಊರಿನ ಕೆಲವು ಆರೋಪಿಗಳಿಗೆ ಅಂಥವರೊಬ್ಬರು ಸಿಕ್ಕಿದ್ದರು.